ನಡುವೆ ನಿಂತವರ ನಗು

ಪಾರ್ಕಿನ ನಗೆಕೂಟದಲ್ಲಿ ಇದ್ದದ್ದು ಒಂದೇ ನಿಯಮ. ವೃತ್ತದ ನಡುವೆ ನಿಂತವರು ಹೇಗೆ ನಗುತ್ತಾರೋ, ಸುತ್ತ ನಿಂತವರೆಲ್ಲ ಹಾಗೆಯೇ ನಗಬೇಕು. ಊರಿಗೆ ಹೊಸಬರಾದ ಚಂದ್ರಮೌಳಿಯವರಿಗೆ ಮಾತ್ರ ಮೂರು ವಾರವಾದರೂ ನಗು ಬಂದಿರಲಿಲ್ಲ. “ನಾಲ್ಕು ಜನರ ಪರಿಚಯವಾದ್ರೂ ಆಗ್ಲಿ” ಎಂದು ಹೆಂಡತಿಯೇ ಅವರನ್ನು ಇಲ್ಲಿಗೆ ಸೇರಿಸಿದ್ದಳು.

ಅಂದು ಅವರು ತಡವಾಗಿ, ಚಪ್ಪಲಿಯಿಲ್ಲದೆ ಬಂದರು.

“ಸಾರ್, ಒಂದು ವಿಷಯ ಹೇಳ್ಬೇಕಿತ್ತು...”

“ವಿಷಯ ಆಮೇಲೆ ಹೇಳೋರಂತೆ, ಮೊದ್ಲು ನಗು!” ಎನ್ನುತ್ತ ಕೂಟದ ಮುಖ್ಯಸ್ಥರು ಅವರನ್ನು ನಡುವೆ ತಂದು ನಿಲ್ಲಿಸಿದರು.

ಚಂದ್ರಮೌಳಿ ಬಾಯಿ ತೆರೆದರು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು, ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ಸುತ್ತಲಿದ್ದ ಮೂವತ್ತು ಜನರೂ ಭುಜ ಕುಲುಕಿಸುತ್ತ ಅದೇ ಸದ್ದು ಮಾಡಿದರು. ಸಾಕು ಎಂದು ಅವರು ಕೈಮುಗಿದರು, ಎಲ್ಲರೂ ಕೈಮುಗಿದರು.

“ಭೇಷ್ ಮೌಳಿಯವ್ರೇ! ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕುಬಿಟ್ರಲ್ಲ! ಇದನ್ನ ಮನೆಯವ್ರು ನೋಡ್ಬೇಕಿತ್ತು,” ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು.

ಚಪ್ಪಾಳೆ ನಿಲ್ಲುವವರೆಗೂ ಕಾದು ಚಂದ್ರಮೌಳಿ ಹೇಳಿದರು: “ಬೆಳಗಿನ ಜಾವ ಅವಳು ಹೋಗ್ಬಿಟ್ಲು ಸಾರ್. ಹೆಗಲು ಕೊಡೋಕೆ ನಾಲ್ಕು ಜನ ಬೇಕಿತ್ತು.”