ಅಕ್ಕ ಅಗಿದ ಮುದ್ದೆ

ಏರ್‌ಪೋರ್ಟಿನಲ್ಲಿ ನೆಲ ಒರೆಸುವಾಗ ಕುವೈತಿನಿಂದ ಬಂದವರ ಬಟ್ಟೆಯ ಅತ್ತರು ಮೂಗಿಗೆ ಬಡಿದರೆ ನನ್ನ ಕೈ ಈಗಲೂ ನಿಲ್ಲುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಂದಗುಡಿಯ ನಮ್ಮ ಅಡುಗೆಮನೆಯಲ್ಲೂ ಅದೇ ವಾಸನೆ ಇತ್ತು. ಕುವೈತಿನಲ್ಲಿ ಮನೆಗೆಲಸಕ್ಕಿದ್ದ ಅಕ್ಕ ಆರು ವರ್ಷದ ಮೇಲೆ ಬಂದಿದ್ದಳು. ಇನ್ನು ಹೋಗುವುದಿಲ್ಲ ಎಂದೇ ಬಂದಿದ್ದಳು. ಅವ್ವ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ಅಕ್ಕ ತುತ್ತು ಮುರಿದು ಬಾಯಿಗಿಟ್ಟವಳು, ನುಂಗುವುದು ಮರೆತು ಅಗಿಯತೊಡಗಿದಳು. ಹಿಟ್ಟು ಹಲ್ಲಿಗೆಲ್ಲ ಮೆತ್ತಿಕೊಂಡಾಗ ಮುಖ ಕಿವುಚಿದಳು.

"ಅವ್ವಾ, ನೋಡು, ಅಕ್ಕ ಮುದ್ದೆ ಅಗೀತಾಳೆ" ಎಂದೆ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅತ್ತೆ ನಕ್ಕಳು. "ಪ್ಯಾಟೆಯೋರೂ ಹಿಂಗೆ ತಿನ್ನಲ್ಲ ಕಣೇ."

"ಸುಮ್ನಿರೇ" ಎಂದು ಅವ್ವ ನನ್ನನ್ನು ಗದರಿಸಿದಳು.

ಅಕ್ಕನೂ ನಕ್ಕಳು. "ಅಲ್ಲಿ ಮೊದಲ ವರ್ಷ ಅವರ ರೊಟ್ಟಿ ನಂಗೆ ಗಂಟಲಲ್ಲಿ ಇಳೀತಿರ್ಲಿಲ್ಲ. ಆ ಮನೆ ಅಜ್ಜಿ ಟೀಯಲ್ಲಿ ಅದ್ದಿ ಕೊಡ್ತಿತ್ತು. ಒಂದಿನಾನೂ ನಗ್ಲಿಲ್ಲ."

ನನಗೆ ಅದು ಅರ್ಥವಾಗಲಿಲ್ಲ. ಓಡಿಹೋಗಿ ಬೀದಿಯ ಹೆಂಗಸರನ್ನೆಲ್ಲ ನೋಡಲು ಕರೆತಂದೆ. ಅಷ್ಟು ಜನರೆದುರು ಅಕ್ಕ ಇನ್ನೊಂದು ತುತ್ತು ಮುರಿದಳು. ಅದನ್ನು ನುಂಗಲಾಗದೆ ಎದ್ದು ಕೈ ತೊಳೆದಳು.

"ನಾನು ಮನೆಗೆ ಹೋಗ್ತೀನಿ ಕಣವ್ವ" ಎಂದಳು.

"ಇದು ಯಾವ್ದೇ ಮತ್ತೆ?" ಎಂದಳು ಅವ್ವ.

ಅಕ್ಕ ಆ ವಾರವೇ ಕುವೈತಿಗೆ ಹೊರಟವಳು ಮತ್ತೆ ಬರಲಿಲ್ಲ.

ಅವಳು ಬಿಟ್ಟೆದ್ದ ಮುದ್ದೆಯನ್ನು ಅವತ್ತು ನಾನೇ ತಿಂದೆ. ಅಗಿಯದೆ, ಒಂದೊಂದೇ ತುತ್ತು, ಬಂದವರೆಲ್ಲರಿಗೂ ನುಂಗಿ ತೋರಿಸಿದೆ.