ಎನೋಕ್ ಜಗಿದ ಅಟ್ಟೆ

ಬಿಬಿಯಾನೆಯ ಕೈಯಲ್ಲಿದ್ದ ಸೀಲ್ ಚರ್ಮದ ತುಂಡನ್ನು ಕಸಿದುಕೊಂಡು ಗಂಡ ಎನೋಕ್ ತನ್ನ ಬಾಯಿಗೆ ತುರುಕಿಕೊಂಡ. ಬೂಟಿನ ಅಟ್ಟೆಯನ್ನು ಜಗಿದು ಮೆತ್ತಗೆ ಮಾಡುವುದು ಗ್ರೀನ್‌ಲ್ಯಾಂಡಿನಲ್ಲಿ ಹೆಂಗಸರದೇ ಕೆಲಸ. ಆದರೆ ಕ್ಯಾನ್ಸರ್ ಹತ್ತಿದ ಜೊಲ್ಲುಗ್ರಂಥಿಯನ್ನು ತೆಗೆದು ರೇಡಿಯೇಷನ್ ಕೊಟ್ಟ ಮೇಲೆ ಅವಳ ಬಾಯಲ್ಲಿ ರೊಟ್ಟಿಚೂರು ನೆನೆಯುವಷ್ಟೂ ನೀರಿರಲಿಲ್ಲ.

“ನಾಯಿ ಮೂಳೆ ಕಡಿದ ಹಾಗೆ ಕಡೀಬೇಡ. ಅಂಚಿಂದ ಮೆಲ್ಲಗೆ ಜಗಿ,” ಎಂದಳು.

“ಥೂ, ಇದನ್ನ ಜಗಿದ ಬಾಯಿಗೇನೇ ನಾನು ನಲವತ್ತು ವರ್ಷ ಮುತ್ತು ಕೊಟ್ಟಿದ್ದು?”

“ಆಗ ಏನೂ ದೂರು ಇರಲಿಲ್ಲ ನಿಂದು.”

ಬೆಳಿಗ್ಗೆ ನೂಕ್ ಪಟ್ಟಣದಲ್ಲಿ ಡೇನಿಶ್ ಡಾಕ್ಟರು ಗಡ್ಡೆಯ ಅಳತೆ, ಅವಳ ವಯಸ್ಸು, ಅದು ನರಕ್ಕೆ ಹೊಕ್ಕಿದ್ದ ಆಳ ಎಲ್ಲವನ್ನೂ ಕೂಡಿಸಿ ನೋಡಿ, ಐದು ವರ್ಷದೊಳಗೆ ಶ್ವಾಸಕೋಶಕ್ಕೆ ಹರಡುವ ಸಂಭವ ನೂರಕ್ಕೆ ನಲವತ್ತು ಎಂದಿದ್ದರು. ಮನೆಗೆ ಬಂದ ಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ.

ಎನೋಕ್ ಅಟ್ಟೆಯನ್ನು ಹೊರತೆಗೆದು ಅಂಗೈ ಮೇಲೆ ಹರಡಿದ. “ಮೊಮ್ಮಗಳು ಮೊನ್ನೆ ಹೆಜ್ಜೆ ಇಟ್ಟವಳು. ಇದರಲ್ಲಿ ಅವಳ ಎರಡೂ ಕಾಲು ಹಿಡಿಯತ್ತೆ.”

“ಶಾಲೆಗೆ ಸೇರೋ ದಿನ ಹಾಕ್ಕೊಳ್ಳಲಿ ಅಂತ.”

“ಅದಕ್ಕಿನ್ನೂ ಐದು ವರ್ಷ ಇದೆ. ಈಗ್ಲೇ ಯಾಕೆ?”

ಸೂಜಿಗೆ ದಾರ ಪೋಣಿಸುತ್ತಿದ್ದ ಬಿಬಿಯಾನೆಯ ಕೈ ನಿಂತಿತು.

ಎನೋಕ್ ಚರ್ಮ ಕತ್ತರಿಸುವ ಬಾಗುಚೂರಿಯನ್ನು ಅವಳ ಮುಂದೆ ಸರಿಸಿದ. “ಈ ವರ್ಷದ ಕಾಲಿನ ಅಳತೆಗೆ ಕತ್ತರಿಸು. ವರ್ಷಕ್ಕೊಂದು ಜೊತೆ ಹೊಲಿ. ನಾನು ಜಗಿದು ಕೊಡ್ತೀನಿ.”

ಅವಳು ಅವನ ಅಂಗೈಯಿಂದ ಅಟ್ಟೆಯನ್ನು ಎತ್ತಿಕೊಂಡಳು. ಆಮೇಲೆ ಅಂಚನ್ನು ಎರಡು ಬೆರಳಗಲ ಕತ್ತರಿಸಿದಳು. “ನಿನ್ನ ಹಲ್ಲು ಅಲ್ಲಿವರೆಗೆ ಇರತ್ತಾ, ಮುದುಕಾ?”

“ನೂರಕ್ಕೆ ಅರವತ್ತು ಇರತ್ತೆ,” ಎಂದು ಎನೋಕ್ ಅಟ್ಟೆಯನ್ನು ತೆಗೆದುಕೊಂಡು ಮತ್ತೆ ಜಗಿಯತೊಡಗಿದ.