ತಪಾಸಣೆಯ ದಿನದ ಡಾಕ್ಟರು

"ಇವತ್ತು ಭೇಟಿ ಇಲ್ಲ ಅಣ್ಣಾ. ಒಳಗೆ ತಪಾಸಣೆ ನಡೀತಾ ಇದೆ," ಎಂದು ದತ್ತು ಗೇಟನ್ನು ಅರ್ಧ ತೆರೆದು ಹೇಳಿದ. ವ್ಯಸನಮುಕ್ತಿ ಕೇಂದ್ರದ ಮ್ಯಾನೇಜರ್ ಅವನು. ನಾಸಿಕದಲ್ಲಿ ಉಡುಪಿ ಹೋಟೆಲ್ ಇಟ್ಟವರೆಲ್ಲ ಊರವರಿಗೆ ಅಣ್ಣಾಗಳೇ, ಹಾಗಾಗಿ ಹರಿದಾಸನೂ ಅಣ್ಣಾ. ಆದರೆ ಹರಿದಾಸ ಕದಲಲಿಲ್ಲ. ತಮ್ಮ ರಾಕೇಶನನ್ನು ಇವತ್ತು ಮನೆಗೆ ಕರೆತರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟು, ಇಗತಪುರಿ ಘಾಟಿನ ಮಂಜಿನಲ್ಲಿ ಗಾಡಿಯ ದೀಪ ಹಾಕಿಕೊಂಡು ಬಂದಿದ್ದ. ದತ್ತುವನ್ನು ಪಕ್ಕಕ್ಕೆ ಸರಿಸಿ ನೇರ ಜಗಲಿಗೆ ಹೋಗಿ ನಿಂತ.

ಡಾಕ್ಟರ ಕೋಣೆಯ ಕಿಟಕಿ ತೆರೆದಿತ್ತು. ಗೋಡೆಯ ಮೇಲೆ ಡಾ. ಸುಧೀರ ಎಂಬ ಹೆಸರಿನ ಪ್ರಮಾಣಪತ್ರ, ಗಾಜು ಹಾಕಿಸಿದ್ದು. ಅದರ ಕೆಳಗಿನ ಕುರ್ಚಿಯಲ್ಲಿ ಬಿಳಿ ಕೋಟು ತೊಟ್ಟು, ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡು ರಾಕೇಶ ಕೂತಿದ್ದ.

ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ಮೃಣಾಲಿನಿ ಮೇಡಂ ಎದುರಿಗಿದ್ದರು. ಹೊಸದಾಗಿ ಬಂದ ರೋಗಿಗೆ ಏನು ಕೊಡುತ್ತೀರಿ ಎಂದು ಕೇಳಿದರು. ರಾಕೇಶ ಕತ್ತು ಸ್ವಲ್ಪ ಓರೆ ಮಾಡಿ, ಒಂದೇ ಉಸಿರಿನಲ್ಲಿ ಎಳೆದು ಹೇಳಿದ: "ಲೋರಾಜೆಪಾಮ್ ಬೆಳಿಗ್ಗೆ ಒಂದು, ರಾತ್ರಿ ಎರಡು, ವಿಟಮಿನ್ ಅಲಗ್!"

ಆ ರಾಗ ಹರಿದಾಸನಿಗೆ ಗೊತ್ತು. ಹೋಟೆಲಿನಲ್ಲಿ ಟೇಬಲ್ ಬಳಿ ನಿಂತು ಅಡುಗೆಮನೆಗೆ ಕೇಳುವಂತೆ "ಎರಡು ಸಾದಾ, ಒಂದು ಮಸಾಲಾ, ಸಾಂಬಾರ್ ಅಲಗ್!" ಎಂದು ತಮ್ಮ ಕೂಗುತ್ತಿದ್ದದ್ದು ಇದೇ ರಾಗದಲ್ಲಿ. ಬೇರೆಯಾಗಿ ಎನ್ನಲು ಕೊನೆಯಲ್ಲಿ ಎಳೆಯುವ ಆ 'ಅಲಗ್' ಕೂಡ ಅದೇ. ಕುಡಿತ ಹೆಚ್ಚಾದ ಮೇಲೆ ಕೂಗು ಮಾತ್ರ ಉಳಿದು ಕೈಯ ಹಿಡಿತ ಹೋಗಿತ್ತು. ಕಾಫಿ ತಂದಿಡುವಾಗ ಲೋಟ ಗಡಗಡ ನಡುಗಿ ಗಿರಾಕಿಗಳ ಅಂಗಿಯ ಮೇಲೆ ಚೆಲ್ಲುತ್ತಿತ್ತು.

"ಬಾಯಿ ಬಿಡಬೇಡಿ ಅಣ್ಣಾ," ದತ್ತು ಕಿವಿಯ ಹತ್ತಿರ ಬಂದ. "ಅಸಲಿ ಡಾಕ್ಟರು ದೂರದ ಸಂಭಾಜಿನಗರದಲ್ಲಿದ್ದಾರೆ. ಇಲ್ಲಿ ಅವರ ಹೆಸರು ಮಾತ್ರ. ಡಾಕ್ಟರಿಲ್ಲ ಅಂತ ಗೊತ್ತಾದರೆ ಮೇಡಂ ಇವತ್ತೇ ಬೀಗ ಹಾಕಿಸ್ತಾರೆ. ಇಲ್ಲಿರೋರೆಲ್ಲ ಸಂಜೆಗೆ ಬಾರಿನಲ್ಲಿ. ನಿಮ್ಮ ತಮ್ಮನೂ."

ಹೋಟೆಲಿನ ಹಿಂದೆ, ಗ್ಯಾಸ್ ಸಿಲಿಂಡರುಗಳ ನಡುವೆ ರಾಕೇಶ ವಾಂತಿಯಲ್ಲಿ ಬಿದ್ದಿದ್ದ ದಿನ ಹರಿದಾಸನ ಕಣ್ಣಿಗೆ ಬಂತು. ಅಷ್ಟರಲ್ಲಿ ಮೇಡಂ ಹೊರಗೆ ಬಂದರು. "ನಿಮ್ಮವರು ಇಲ್ಲಿದ್ದಾರಾ? ಈ ಡಾಕ್ಟರು ದಿನಾ ಬರ್ತಾರಾ?"

"ಇಲ್ಲೇ ಇರ್ತಾರೆ ಮೇಡಂ. ಗೇಟು ದಾಟುವುದೇ ಇಲ್ಲ. ಒಳ್ಳೆ ಡಾಕ್ಟರು."

ಕೊನೆಯ ಮಾತೊಂದು ಬಿಟ್ಟರೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಡಂ ತಲೆಯಾಡಿಸಿ ಜೀಪು ಹತ್ತಿದರು. ಮಂಜು ಜೀಪನ್ನು ಮೊದಲು ನುಂಗಿತು, ಆಮೇಲೆ ಅದರ ಸದ್ದನ್ನು.

ಹರಿದಾಸ ಕೋಣೆಗೆ ನುಗ್ಗಿದ. "ಮುಗೀತಲ್ಲ ನಿನ್ನ ವೇಷ? ಕೋಟು ಬಿಚ್ಚು ಮಾರಾಯ, ಹೋಗುವ. ಅಮ್ಮ ಪತ್ರೊಡೆ ಮಾಡಿಟ್ಟು ಕಾಯ್ತಾ ಇದ್ದಾರೆ."

"ಕೂತ್ಕೊಳ್ಳಿ," ಎಂದ ರಾಕೇಶ. ಹುಟ್ಟಿದಂದಿನಿಂದ ಅವನು ಅಣ್ಣನನ್ನು ನೀವು ಎಂದವನಲ್ಲ. "ನೀವು ರಾಕೇಶನ ಅಣ್ಣ ಅಲ್ವಾ?"

"ತಮಾಷೆ ಸಾಕು."

"ಅವನನ್ನು ಈಗ ಕರ್ಕೊಂಡು ಹೋಗುವ ಹಾಗಿಲ್ಲ. ಕೈ ನಡುಕ ಇನ್ನೂ ನಿಂತಿಲ್ಲ." ಮೇಜಿನ ಮೇಲೆ ಅವನ ಎರಡೂ ಕೈಗಳು ಕಲ್ಲಿನ ಹಾಗೆ ಅಲುಗದೆ ಇದ್ದವು.

"ಎಲ್ಲಿದ್ದಾನೆ ಅವನು?" ಎಂದು ಹರಿದಾಸ ಕೇಳಿದ. ಕೇಳಿದ ಮೇಲೆ, ತಾನೇಕೆ ಹಾಗೆ ಕೇಳಿದೆನೆಂದು ಗಾಬರಿಯಾಯಿತು.

"ಒಳಗೆ ಮಲಗಿದ್ದಾನೆ. ಎಬ್ಬಿಸ್ಬೇಡಿ."

ಹರಿದಾಸ ಬಾಗಿಲ ಕಡೆ ತಿರುಗಿದ. ದತ್ತು ನಗುತ್ತಿರಬಹುದು ಅಂದುಕೊಂಡಿದ್ದ. ದತ್ತು ನಗುತ್ತಿರಲಿಲ್ಲ. "ಮೊದಮೊದಲು ತಪಾಸಣೆಯ ದಿನ ಮಾತ್ರ ಕೋಟು ಹಾಕಿಸ್ತಿದ್ದೆ ಅಣ್ಣಾ," ಎಂದ ಮೆಲ್ಲಗೆ. "ಈಗ ಮಲಗುವಾಗಲೂ ಬಿಚ್ಚೋದಿಲ್ಲ. ನನಗೂ ನಿದ್ದೆ ಬಾರದಿದ್ದರೆ ಇವರ ಹತ್ರಾನೇ..." ಮಾತು ಅಲ್ಲಿಗೇ ನಿಂತಿತು. ಅವನ ಹಿಂದೆ ಒಳಗಿನವರು ಒಬ್ಬೊಬ್ಬರಾಗಿ ಬಂದು ಸದ್ದಿಲ್ಲದೆ ಸಾಲು ಹಿಡಿಯುತ್ತಿದ್ದರು. ಎಲ್ಲರಿಗೂ ಒಂದೇ ಬೂದು ಬಣ್ಣದ ಪೈಜಾಮ. ಎಲ್ಲರೂ ಅಂಗೈ ಚಾಚಿಕೊಂಡಿದ್ದರು.

"ಇವನು ಡಾಕ್ಟರಲ್ಲ!" ಹರಿದಾಸ ಹಿಂದಿಯಲ್ಲಿ ಕಿರುಚಿದ. "ದೋಸೆ ಸಪ್ಲೈ ಮಾಡ್ತಿದ್ದವನು! ನನ್ನ ತಮ್ಮ!"

ಒಬ್ಬನೂ ಅಂಗೈ ಮಡಚಲಿಲ್ಲ. ಮುಂದೆ ನಿಂತ ಮುದುಕ ಮಾತ್ರ ಹರಿದಾಸನನ್ನು ಕನಿಕರದಿಂದ ನೋಡಿದ. "ಒಳ್ಳೆ ಡಾಕ್ಟರು ಅಂತ ಈಗ ನೀವೇ ಹೇಳಿದಿರಲ್ಲ? ಶುರುವಿನಲ್ಲಿ ನಾವೂ ಹೀಗೇ ಕೂಗಾಡಿದ್ದೆವು."

ರಾಕೇಶ ಎದ್ದು ಬಂದು ಅಣ್ಣನ ಮಣಿಕಟ್ಟು ಹಿಡಿದ. ಆ ಬೆರಳುಗಳು ತಣ್ಣಗಿದ್ದವು. "ನೋಡಿ," ಎಂದ. ಹರಿದಾಸ ನೋಡಿದ. ಅವನದೇ ಕೈ ಗಡಗಡ ನಡುಗುತ್ತಿತ್ತು. ನಿಲ್ಲಿಸಲು ಹೋದಷ್ಟೂ ನಡುಕ ಮೊಣಕೈವರೆಗೆ ಏರಿತು. ರಾಕೇಶ ಆ ಅಂಗೈಯನ್ನು ಬಿಡಿಸಿ, ನಡುವೆ ಸರಿಯಾಗಿ ಒಂದು ಬಿಳಿ ಮಾತ್ರೆ ಇಟ್ಟು, ಒಳಗೆ ಕೇಳುವಂತೆ ಕೂಗಿದ: "ಹೊಸಬರಿಗೆ ಒಂದು! ನೀರು ಅಲಗ್!"

ನೀರಿನ ಲೋಟ ಸಾಲಿನ ಕೊನೆಯಿಂದ ಕೈಯಿಂದ ಕೈಗೆ ಬಂತು. ಹಿಂದೆ ನಿಂತವನು ಹರಿದಾಸನ ಭುಜ ತಟ್ಟಿದ.

"ಬೇಗ ನುಂಗಿ ಕಾಕಾ. ಸಾಲು ದೊಡ್ಡದಿದೆ."